ಖಾಲಿ ಡ್ರೈವ್ ಮೇಲೆ ಒಂದು ನಿಮಿಷ ಓಡಿಸಿ "ಟೆಸ್ಟ್ ಮಾಡಿದ್ದೀವಿ" ಅನ್ನೋದನ್ನ ನಿಲ್ಲಿಸಿ

ಹೊಸ ಎನ್‌ವಿಎಂಇ ಡ್ರೈವ್ (ವೇಗದ ಎಸ್‌ಎಸ್‌ಡಿ) ಒಂದು ಬಂದರೆ ಸಾಕು, ಎಲ್ಲ ಕಡೆ ಅದೇ ಸ್ಕ್ರೀನ್‌ಶಾಟ್. ಡ್ರೈವ್ ವೇಗ ಅಳೆಯೋ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್‌ನ ಎಂಟು ಚೌಕ, ಮೇಲಿನ ಸಾಲಲ್ಲಿ ಸೆಕೆಂಡಿಗೆ 7,300 ಎಂಬಿ, ಅದರ ಕೆಳಗೆ "ಸೂಪರ್ ಡ್ರೈವ್, ಕಣ್ಣು ಮುಚ್ಚಿಕೊಂಡು ತಗೊಳ್ಳಿ". ಮುಗೀತು ಪರೀಕ್ಷೆ. ಡ್ರೈವ್ ಎಷ್ಟು ತುಂಬಿತ್ತು, ಯಾವ ಸ್ಲಾಟಲ್ಲಿತ್ತು, ಎಷ್ಟು ಬಿಸಿಯಾಗಿತ್ತು, ಫರ್ಮ್‌ವೇರ್ (ಡ್ರೈವ್ ನಡೆಸೋ ಒಳಗಿನ ಸಾಫ್ಟ್‌ವೇರ್) ಯಾವುದು, ಒಂದಕ್ಷರ ಇರಲ್ಲ. ಅದನ್ನ ನಂಬಿ ದುಡ್ಡು ಸುರಿದವರು 300 ಜಿಬಿ ವಿಡಿಯೋ ಫೋಲ್ಡರ್ ಕಾಪಿ ಮಾಡೋಕೆ ಕೂರ್ತಾರೆ. ಮೊದಲು ಬಾಣದ ಹಾಗೆ ಹೋಗುತ್ತೆ, ಆಮೇಲೆ ವೇಗ ಧೊಪ್ಪನೆ ಕೆಳಗೆ ಬೀಳುತ್ತೆ. ಆಗ "ನನ್ನ ಡ್ರೈವ್ ಕೆಟ್ಟಿದೆಯಾ?" ಅಂತ ಕೇಳ್ಕೊಂಡು ಓಡಾಡ್ತಾರೆ. ಡ್ರೈವ್ ಕೆಟ್ಟಿಲ್ಲ. ಅವರಿಗೆ ತೋರಿಸಿದ ಪರೀಕ್ಷೆಯೇ ಕೆಟ್ಟದ್ದು. ಇದನ್ನ ನೋಡಿ ನೋಡಿ ಮೈ ಉರಿಯುತ್ತೆ.

ಯಾಕೆ ಬೀಳುತ್ತೆ ಅನ್ನೋದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ಈ ಡ್ರೈವ್‌ಗಳು ದತ್ತಾಂಶ ಇಡೋದು ಫ್ಲ್ಯಾಶ್ ಚಿಪ್‌ಗಳ ಸಣ್ಣ ಸಣ್ಣ ಸೆಲ್‌ಗಳಲ್ಲಿ. ಟಿಎಲ್‌ಸಿ ಅನ್ನೋ ಬಗೆಯ ಫ್ಲ್ಯಾಶ್‌ನ ಒಂದು ಸೆಲ್‌ನಲ್ಲಿ 3 ಬಿಟ್ ಇರುತ್ತೆ, ಕ್ಯೂಎಲ್‌ಸಿಯಲ್ಲಿ 4. ಮೂರು ಬಿಟ್ ಬರೆಯೋಕೆ ಸೆಲ್‌ನ ವೋಲ್ಟೇಜನ್ನ ಎಂಟು ಮಟ್ಟಗಳಲ್ಲಿ ಒಂದಕ್ಕೆ ನಿಖರವಾಗಿ ತಂದು ನಿಲ್ಲಿಸಬೇಕು, ಅದು ನಿಧಾನದ ಕೆಲಸ. ಹಾಗಾಗಿ ಡ್ರೈವನ್ನ ನಡೆಸೋ ಚಿಪ್, ಅಂದರೆ ಕಂಟ್ರೋಲರ್, ಖಾಲಿ ಇರೋ ಸೆಲ್‌ಗಳಲ್ಲಿ ಮೊದಲು ಒಂದೊಂದೇ ಬಿಟ್ ಬರೆದು, ಬಿಡುವಾದಾಗ ಅದನ್ನ ಮೂರು ಬಿಟ್‌ನ ರೂಪಕ್ಕೆ ಮಡಿಸಿ ಇಡುತ್ತೆ. ಇದೇ ಎಸ್‌ಎಲ್‌ಸಿ ಕ್ಯಾಶ್. ಡಬ್ಬದ ಮೇಲೆ ಅಚ್ಚಾಗಿರೋ ಬರೆಯುವ ವೇಗ ಈ ಕ್ಯಾಶ್‌ನದ್ದು. ಈಗ ಲೆಕ್ಕ ಹಾಕಿ. 1 ಟಿಬಿ ಟಿಎಲ್‌ಸಿ ಡ್ರೈವ್ ಪೂರ್ತಿ ಖಾಲಿ ಇದ್ದು, ಖಾಲಿ ಜಾಗವನ್ನೆಲ್ಲ ಕ್ಯಾಶ್‌ಗೆ ಬಳಸಿದರೂ ಹೆಚ್ಚೆಂದರೆ 333 ಜಿಬಿ. ಸೆಕೆಂಡಿಗೆ 5 ಜಿಬಿಯಂತೆ ಬರೆದರೆ 67 ಸೆಕೆಂಡಿನಲ್ಲಿ ಖತಂ. ಡ್ರೈವ್ ಶೇಕಡಾ 80 ತುಂಬಿದ್ದರೆ ಉಳಿದಿರೋದು 200 ಜಿಬಿ, ಅದರ ಮೂರನೇ ಒಂದು ಪಾಲು 67 ಜಿಬಿ, 13 ಸೆಕೆಂಡು. ಕ್ಯೂಎಲ್‌ಸಿ ಆದರೆ ನಾಲ್ಕನೇ ಒಂದು ಪಾಲು, ಇನ್ನೂ ಕಮ್ಮಿ. ಎಷ್ಟೋ ಡ್ರೈವ್‌ಗಳು ಅಷ್ಟನ್ನೂ ಕೊಡಲ್ಲ, ಒಂದು ಸಣ್ಣ ಸ್ಥಿರ ಕ್ಯಾಶ್ ಇಟ್ಕೊಂಡಿರುತ್ತವೆ. ಕ್ಯಾಶ್ ತುಂಬಿದ ಮೇಲೆ ಇನ್ನೂ ಬರೀತಾ ಹೋದರೆ ಕಂಟ್ರೋಲರ್‌ಗೆ ಎರಡು ಕೆಲಸ ಒಟ್ಟಿಗೆ: ಹಳೇದನ್ನ ಮಡಿಸಬೇಕು, ಹೊಸದನ್ನ ಬರೀಬೇಕು. ಕ್ಯೂಎಲ್‌ಸಿ ಡ್ರೈವ್‌ಗಳು ಈ ಹಂತದಲ್ಲಿ ಹಳೇ ಹಾರ್ಡ್ ಡಿಸ್ಕ್‌ಗಿಂತ ಕೆಳಗೂ ಇಳೀಬಹುದು.

ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ತಾನಾಗಿ ಆರಿಸಿಕೊಳ್ಳೋ ಕಡತದ ಗಾತ್ರ 1 ಜಿಬಿ, ಸುತ್ತು 5. ನೂರಾರು ಜಿಬಿ ಕ್ಯಾಶ್ ಇರೋ ಡ್ರೈವ್ ಮೇಲೆ 1 ಜಿಬಿ! ಕ್ಯಾಶ್‌ನ ಬಾಗಿಲನ್ನೂ ದಾಟದ ಪರೀಕ್ಷೆ ಅದು. ಸಾಫ್ಟ್‌ವೇರ್‌ನ ತಪ್ಪಲ್ಲ. ಅದರೊಳಗೆ ಕೆಲಸ ಮಾಡೋದು ಮೈಕ್ರೋಸಾಫ್ಟ್‌ನ ಡಿಸ್ಕ್‌ಎಸ್‌ಪಿಡಿ, ಒಳ್ಳೇ ಸಲಕರಣೆ. ತಪ್ಪು, ಒಂದೇ ಒಂದು ಗುಂಡಿ ಒತ್ತಿ ಎದ್ದು ಹೋಗೋರದ್ದು.

ಇದೇ 1 ಜಿಬಿ ಇನ್ನೊಂದು ಕಡೆಯೂ ಮೋಸ ಮಾಡುತ್ತೆ, ಅದನ್ನಂತೂ ಹೇಳೋರೇ ಕಮ್ಮಿ. ಯಾವ ದತ್ತಾಂಶ ಯಾವ ಚಿಪ್‌ನ ಯಾವ ಪುಟದಲ್ಲಿದೆ ಅನ್ನೋ ನಕ್ಷೆಯನ್ನ ಡ್ರೈವ್ ಇಟ್ಕೊಳ್ಳಬೇಕು. ಸಾಮಾನ್ಯವಾಗಿ 4 ಕೆಬಿಗೆ 4 ಬೈಟ್, ಅಂದರೆ 1 ಟಿಬಿಗೆ ಸುಮಾರು 1 ಜಿಬಿ ನಕ್ಷೆ. ಸ್ವಂತ ಡಿರ‍್ಯಾಮ್ (ವೇಗದ ತಾತ್ಕಾಲಿಕ ಮೆಮೊರಿ) ಇರೋ ಡ್ರೈವ್‌ನಲ್ಲಿ ಅದು ಪೂರ್ತಿ ಕೂರುತ್ತೆ. ಡಿರ‍್ಯಾಮ್ ಇಲ್ಲದ ಡ್ರೈವ್ ಕಂಪ್ಯೂಟರ್‌ನ ಮೆಮೊರಿಯಲ್ಲಿ ಒಂದಿಷ್ಟು ಜಾಗ ಎರವಲು ಪಡೆಯುತ್ತೆ. 64 ಎಂಬಿ ಸಿಕ್ಕಿತು ಅಂದ್ಕೊಳ್ಳಿ, ಅದರಲ್ಲಿ ಹಿಡಿಯೋದು 64 ಜಿಬಿಯಷ್ಟರ ನಕ್ಷೆ. 1 ಜಿಬಿ ಕಡತದ ನಕ್ಷೆಗೆ ಬೇಕಾಗಿರೋದು ಬರೀ 1 ಎಂಬಿ. ಹಾಗಾಗಿ ನಿಮ್ಮ ಪರೀಕ್ಷೆಯಲ್ಲಿ ಎರಡೂ ಡ್ರೈವ್ ಒಂದೇ ಥರ ಕಾಣುತ್ತವೆ. 500 ಜಿಬಿ ಹರವಿನ ಮೇಲೆ ಅಲ್ಲಲ್ಲಿ ಓದಿಸಿ ನೋಡಿ. ಡಿರ‍್ಯಾಮ್ ಇಲ್ಲದ್ದು ನಕ್ಷೆ ಹುಡುಕೋಕೆ ಒಂದು ಸಲ, ದತ್ತಾಂಶಕ್ಕೆ ಇನ್ನೊಂದು ಸಲ ಫ್ಲ್ಯಾಶ್‌ಗೆ ಹೋಗಬೇಕಾಗುತ್ತೆ. ಕೊಳ್ಳೋರಿಗೆ ತಿಳೀಬೇಕಾದ ವ್ಯತ್ಯಾಸ ಇದೇ, ಅದನ್ನೇ ಮುಚ್ಚಿಡೋ ಪರೀಕ್ಷೆ ಮಾಡಿ ಹಂಚ್ತೀರಿ.

ಮೇಲಿನ ಸಾಲಿನ ಸಂಖ್ಯೆಗೆ ಸಿಗೋ ಮರ್ಯಾದೆ ನೋಡಿದರೆ ಇನ್ನೂ ಸಿಟ್ಟು ಬರುತ್ತೆ. ಅದು 1 ಎಂಬಿ ತುಂಡುಗಳನ್ನ ಸಾಲಾಗಿ, ಎಂಟೆಂಟು ಬೇಡಿಕೆ ಒಟ್ಟಿಗೆ ಸರದಿಯಲ್ಲಿಟ್ಟು ಓದಿದ ಲೆಕ್ಕ. ಕಂಪ್ಯೂಟರ್ ಆನ್ ಆಗೋದು, ಪ್ರೋಗ್ರಾಂ ತೆರೆಯೋದು, ಸಾವಿರಾರು ಸಣ್ಣ ಕಡತಗಳಿರೋ ಪ್ರಾಜೆಕ್ಟ್ ಕಂಪೈಲ್ ಆಗೋದು ಯಾವುದೂ ಹಾಗೆ ನಡೆಯಲ್ಲ. ಅಲ್ಲಿ ಬರೋದು ಸಣ್ಣ ಓದುಗಳು, ಸರದಿಯಲ್ಲಿ ಒಂದರಿಂದ ನಾಲ್ಕು. ಅದಕ್ಕೆ ಹತ್ತಿರದ ಸಂಖ್ಯೆ ಕಟ್ಟಕಡೆಯ ಸಾಲಿನದು: 4 ಕೆ, ಸರದಿ 1, ಥ್ರೆಡ್ 1. ಒಂದು ಓದಿಗೆ 50 ಮೈಕ್ರೋಸೆಕೆಂಡ್ ಹಿಡಿದರೆ ಸೆಕೆಂಡಿಗೆ 20,000 ಓದು, ಅಂದರೆ 82 ಎಂಬಿ. ಹೌದು, 14,000 ಎಂಬಿ ಅಂತ ಮಾರೋ ಪಿಸಿಐಇ 5.0 (ಡ್ರೈವನ್ನ ಕಂಪ್ಯೂಟರ್‌ಗೆ ಜೋಡಿಸೋ ದಾರಿಯ ಐದನೇ ಪೀಳಿಗೆ) ಡ್ರೈವ್ ಕೂಡ ಇಲ್ಲಿ ನೂರರ ಆಸುಪಾಸಲ್ಲೇ ಓಡಾಡೋದು. ಇಲ್ಲಿ ತಡ ಆಗ್ತಿರೋದು ಫ್ಲ್ಯಾಶ್ ಸೆಲ್ ಓದೋಕೆ ಹಿಡಿಯೋ ಹೊತ್ತಿನಿಂದ, ಪಿಸಿಐಇ ದಾರಿಯ ವೇಗ ಎರಡರಷ್ಟಾದರೂ ಆ ಹೊತ್ತು ಕಮ್ಮಿ ಆಗಲ್ಲ. ಇದನ್ನ ನಿಜಕ್ಕೂ ಮುರಿದದ್ದು ಇಂಟೆಲ್‌ನ ಆಪ್ಟೇನ್ ಡ್ರೈವ್‌ಗಳು, ಫ್ಲ್ಯಾಶ್ ಬದಲು ಬೇರೆ ಬಗೆಯ ಮೆಮೊರಿ ಬಳಸಿ ಸುಮಾರು 10 ಮೈಕ್ರೋಸೆಕೆಂಡಿನಲ್ಲಿ ಓದ್ತಿದ್ದವು. 2022ರಲ್ಲಿ ಆ ವ್ಯವಹಾರವನ್ನೇ ಮುಚ್ಚೋದಾಗಿ ಘೋಷಿಸಿದರು. ಎಲ್ಲರೂ ಮೇಲಿನ ಸಾಲನ್ನೇ ನೋಡ್ತಾ ಕೂತರೆ, ಕೆಳಗಿನ ಸಾಲಲ್ಲಿ ಮೂರು ಪಟ್ಟು ಮುಂದಿದ್ದ ಡ್ರೈವ್‌ಗೆ ಬೆಲೆ ಎಲ್ಲಿಂದ ಬರಬೇಕು?

ಸರಿಯಾಗಿ ಪರೀಕ್ಷೆ ಮಾಡೋ ದಾರಿ ಯಾರೂ ಬರೆದಿಟ್ಟಿಲ್ಲ ಅಂತಲ್ಲ. ಸ್ಟೋರೇಜ್ ಉದ್ಯಮದವರದೇ ಒಕ್ಕೂಟವಾದ ಎಸ್‌ಎನ್‌ಐಎ ಇದಕ್ಕೆಂದೇ ಒಂದು ನಿರ್ದಿಷ್ಟ ವಿಧಾನ ಪ್ರಕಟಿಸಿದೆ. ಮೊದಲು ಡ್ರೈವನ್ನ ಪೂರ್ತಿ ಅಳಿಸಬೇಕು. ಲಿನಕ್ಸ್‌ನಲ್ಲಾದರೆ ಎನ್‌ವಿಎಂಇ ಸಲಕರಣೆಯ ಫಾರ್ಮ್ಯಾಟ್ ಆದೇಶವನ್ನ ಸುರಕ್ಷಿತ ಅಳಿಸುವಿಕೆಯ ಆಯ್ಕೆ 1 ಇಟ್ಟು ಕೊಡಿ. ಆಮೇಲೆ 128 ಕೆಬಿ ತುಂಡುಗಳಲ್ಲಿ ಡ್ರೈವ್‌ನ ಸಾಮರ್ಥ್ಯದ ಎರಡರಷ್ಟು ಸಾಲಾಗಿ ಬರೀಬೇಕು. 1 ಟಿಬಿ ಡ್ರೈವ್ ಸೆಕೆಂಡಿಗೆ 1.5 ಜಿಬಿ ತಡೆದುಕೊಂಡರೆ 22 ನಿಮಿಷ, 100 ಎಂಬಿಗೆ ಕುಸಿದರೆ ಐದೂವರೆ ಗಂಟೆ. ಅದಾದ ಮೇಲೆ ಅಳೆಯಬೇಕಾದ ಕೆಲಸವನ್ನ ಸುತ್ತು ಸುತ್ತಾಗಿ ಓಡಿಸಬೇಕು. ಸತತ 5 ಸುತ್ತುಗಳಲ್ಲಿ ಗರಿಷ್ಠಕ್ಕೂ ಕನಿಷ್ಠಕ್ಕೂ ಇರೋ ಅಂತರ ಸರಾಸರಿಯ ಶೇಕಡಾ 20 ದಾಟಬಾರದು, ಆ ಐದರ ಮೂಲಕ ಎಳೆದ ಗೆರೆಯ ಏರಿಳಿತ ಶೇಕಡಾ 10 ಮೀರಬಾರದು. ಆಗ ಮಾತ್ರ ಅದು ಸ್ಥಿರ ವೇಗ.

ಒಂದು ಎಚ್ಚರಿಕೆ. ವೇಗ ಅಳೆಯೋ ಸಲಕರಣೆಯಾದ ಎಫ್‌ಐಓದಲ್ಲಿ ಕಡತದ ಬದಲು ಡ್ರೈವ್‌ನ ಹೆಸರನ್ನೇ ಕೊಟ್ಟು ಬರೆಸಿದರೆ ಅದರಲ್ಲಿರೋದೆಲ್ಲ ಹೋಯ್ತು ಅಂತಲೇ ಲೆಕ್ಕ, ವಾಪಸ್ ಬರಲ್ಲ. ಎರಡು ಡ್ರೈವ್ ಇರೋ ಯಂತ್ರದಲ್ಲಿ ಅವುಗಳ ಹೆಸರಿನ 0 ಮತ್ತು 1 ಅದಲುಬದಲಾಗೋಕೆ ಒಂದು ರೀಬೂಟ್ ಸಾಕು. ಪ್ರತಿ ಸಲ ಸೀರಿಯಲ್ ನಂಬರ್ ನೋಡಿಯೇ ಎಂಟರ್ ಒತ್ತಿ.

ಅಳಿಸಿದ ಡ್ರೈವ್ ಮೇಲೆ ನೇರವಾಗಿ ಓದುವ ಪರೀಕ್ಷೆ ಓಡಿಸಿ ಬೀಗೋರೂ ಇದ್ದಾರೆ. ಅಳಿಸಿದ ವಿಳಾಸದಲ್ಲಿ ಏನೂ ಇಲ್ಲ ಅಂತ ಕಂಟ್ರೋಲರ್‌ನ ನಕ್ಷೆಗೇ ಗೊತ್ತಿರುತ್ತೆ. ಫ್ಲ್ಯಾಶನ್ನ ಮುಟ್ಟದೆ ಸೊನ್ನೆಗಳನ್ನ ವಾಪಸ್ ಕಳಿಸಿಬಿಡುತ್ತೆ. ಬಂದ ಸಂಖ್ಯೆ ಕಂಟ್ರೋಲರ್ ಎಷ್ಟು ಬೇಗ "ಇಲ್ಲ" ಅನ್ನುತ್ತೆ ಅನ್ನೋದರ ಅಳತೆ. ಮೊದಲು ಬರೀರಿ, ಬರೆದದ್ದನ್ನೇ ಓದಿ. ಬರೆಯೋದೂ ಸೊನ್ನೆಗಳನ್ನಲ್ಲ. 2011ರ ಆಸುಪಾಸಿನ ಸ್ಯಾಂಡ್‌ಫೋರ್ಸ್ ಕಂಟ್ರೋಲರ್‌ಗಳು ದತ್ತಾಂಶವನ್ನ ಕುಗ್ಗಿಸಿ ಬರೀತಿದ್ದವು, ಸೊನ್ನೆ ಸುರಿದರೆ ಅದ್ಭುತ ವೇಗ, ವಿಡಿಯೋ ಸುರಿದರೆ ಬಣ್ಣ ಬಯಲು. ಅಷ್ಟು ಹಳೇ ಪಾಠ ಇದ್ದರೂ ಇವತ್ತಿಗೂ ಲಿನಕ್ಸ್‌ನ ಡಿಡಿ ಅನ್ನೋ ನಕಲು ಆದೇಶದಲ್ಲಿ ಸೊನ್ನೆ ಬರೆದು ವೇಗ ಹೇಳ್ತಾರೆ. ಅದೂ ನೇರ ಡ್ರೈವ್‌ಗೇ ಬರೆಸೋ ಡೈರೆಕ್ಟ್ ಆಯ್ಕೆ ಇಲ್ಲದೆ. ಆಗ ದತ್ತಾಂಶ ಹೋಗಿ ಕೂರೋದು ಕಂಪ್ಯೂಟರ್‌ನ ರ‍್ಯಾಮ್‌ನಲ್ಲಿ, ಡ್ರೈವ್‌ಗೆ ಇನ್ನೂ ತಲುಪಿಯೇ ಇರಲ್ಲ. ಎಫ್‌ಐಓದಲ್ಲಿ ಡೈರೆಕ್ಟ್ 1 ಅಂತ ಹಾಕೋಕೆ ಎಷ್ಟು ಹೊತ್ತು ಬೇಕು?

ಮನೆಯ ಕಂಪ್ಯೂಟರ್‌ನ ಡ್ರೈವನ್ನ ಅಳಿಸೋಕಾಗಲ್ಲ, ಒಪ್ಪುವ ಮಾತು. ಆಗಲೂ ದಾರಿ ಇದೆ. ಡ್ರೈವ್ ದಿನಾ ಎಷ್ಟು ತುಂಬಿರುತ್ತೋ ಅಷ್ಟೇ ತುಂಬಿರಲಿ. ಉಳಿದ ಜಾಗದಲ್ಲಿ ಅರ್ಧಕ್ಕಿಂತ ದೊಡ್ಡ ಕಡತವೊಂದನ್ನ ಎಫ್‌ಐಓದಿಂದ ಸಾಲಾಗಿ ಬರೆಸಿ, ಪ್ರತಿ ಸೆಕೆಂಡಿನ ವೇಗವನ್ನ ಲಾಗ್ ಮಾಡಿಸಿ. ಗೆರೆ ಎಲ್ಲಿ ಬೀಳುತ್ತೋ ಅದು ಕ್ಯಾಶ್‌ನ ಅಂಚು, ಬಿದ್ದ ಮೇಲೆ ಎಲ್ಲಿ ನಿಲ್ಲುತ್ತೋ ಅದು ಆ ಡ್ರೈವ್‌ನ ನಿಜವಾದ ಬರೆಯುವ ವೇಗ. ಕಡತ ಅಳಿಸಿ, 15 ನಿಮಿಷ ಸುಮ್ಮನೆ ಬಿಟ್ಟು ಮತ್ತೆ ಓಡಿಸಿ. ಎರಡನೇ ಸಲ ಬೇಗ ಬಿದ್ದರೆ ಕ್ಯಾಶ್ ಇನ್ನೂ ಖಾಲಿಯಾಗಿಲ್ಲ ಅಂತ ಅರ್ಥ. ದೊಡ್ಡ ಕಡತಗಳ ಕೆಲಸ ಮಾಡೋರಿಗೆ ಅದೂ ಗೊತ್ತಿರಬೇಕಾದ ವಿಷಯ.

ಇನ್ನು ಸ್ಲಾಟ್. "ಅರ್ಧ ವೇಗ ಬರ್ತಿದೆ, ಕಳಪೆ ಡ್ರೈವ್" ಅಂತ ಒಂದು ನಕ್ಷತ್ರ ಕೊಡ್ತಾರಲ್ಲ, ಅವರಲ್ಲಿ ಎಷ್ಟು ಜನ ಡ್ರೈವ್‌ಗೂ ಮದರ್‌ಬೋರ್ಡ್‌ಗೂ ನಡುವಿನ ಲಿಂಕ್ ನೋಡಿರ್ತಾರೆ? ಪಿಸಿಐಇ 3.0ದ ನಾಲ್ಕು ಲೇನ್‌ (ದತ್ತಾಂಶ ಓಡಾಡೋ ಸಾಲು) ಸೇರಿದರೆ ಮಿತಿ ಸೆಕೆಂಡಿಗೆ 3.94 ಜಿಬಿ, 4.0ದ್ದು 7.88, 5.0ದ್ದು 15.75. ಸಂಖ್ಯೆ 3,500ರ ಹತ್ತಿರ ಬಂದು ಗೋಡೆಗೆ ಬಡಿದ ಹಾಗೆ ನಿಂತರೆ ಡ್ರೈವ್‌ನ ದೋಷವಲ್ಲ, ಸ್ಲಾಟ್ 3.0ದ್ದು, ಇಲ್ಲವೇ 4.0 ಆಗಿದ್ದರೂ ಎರಡೇ ಲೇನ್ ಸಿಕ್ಕಿದೆ. ಲಿನಕ್ಸ್‌ನ ಎಲ್‌ಎಸ್‌ಪಿಸಿಐ ಆದೇಶದ ವಿವರದಲ್ಲಿ ಲಿಂಕ್ ಸ್ಥಿತಿಯ ಸಾಲು ನೋಡಿ, 4.0 ಡ್ರೈವ್ ಆದರೆ 16 ಜಿಟಿ ಮತ್ತು ಅಗಲ 4 ಅಂತ ಇರಬೇಕು. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅದನ್ನೇ ತೋರಿಸುತ್ತೆ. ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಎರಡನೇ ಎಂ.2 ಸ್ಲಾಟ್ ಸಿಪಿಯುಗೆ ಬದಲು ಚಿಪ್‌ಸೆಟ್‌ಗೆ ಸೇರಿರುತ್ತೆ, ಯುಎಸ್‌ಬಿ, ನೆಟ್‌ವರ್ಕ್, ಸಾಟಾ ಎಲ್ಲದರ ಜೊತೆ ಒಂದೇ ದಾರಿ ಹಂಚಿಕೊಳ್ಳಬೇಕು. ಮ್ಯಾನುಯಲ್‌ನಲ್ಲಿ ಎಲ್ಲ ಬರೆದಿರುತ್ತೆ.

ಬಿಸಿ ವಿಷಯಕ್ಕೆ ಬಂದರೆ, 22 ಮಿಮೀ ಅಗಲ, 80 ಮಿಮೀ ಉದ್ದದ ಪಟ್ಟಿಯ ಮೇಲೆ 10 ವ್ಯಾಟ್ ದಾಟುವ ಡ್ರೈವ್‌ಗಳಿವೆ. ಹೀಟ್‌ಸಿಂಕ್ ಇಲ್ಲದೆ ಒಂದು ನಿಮಿಷದ ಪರೀಕ್ಷೆ ಮುಗಿಸಿದರೆ ಬಿಸಿಯಾಗೋಕೆ ಹೊತ್ತೇ ಸಿಕ್ಕಿರಲ್ಲ. ಹೀಟ್‌ಸಿಂಕ್ ಹಾಕಿದವರೂ ಥರ್ಮಲ್ ಪ್ಯಾಡ್ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಕೀಳದೆ ಸ್ಕ್ರೂ ಬಿಗಿದುಬಿಟ್ಟಿರ್ತಾರೆ. ಬಿಸಿ ತಗ್ಗಿಸಲು ಕಂಟ್ರೋಲರ್ ವೇಗ ಇಳಿಸಿತೋ, ಕ್ಯಾಶ್ ತುಂಬಿ ಇಳೀತೋ ಅನ್ನೋದನ್ನ ಬೇರ್ಪಡಿಸದೆ "ಥ್ರಾಟ್ಲಿಂಗ್" ಅಂತ ತೀರ್ಪು ಕೊಡೋದು ಇನ್ನೊಂದು ರೋಗ. ಬೇರ್ಪಡಿಸೋದು ಸುಲಭ. ವೇಗದ ಜೊತೆ ತಾಪಮಾನವನ್ನೂ ಸೆಕೆಂಡಿಗೊಮ್ಮೆ ಬರೆದಿಡಿ. ಬಿಸಿಯಿಂದ ಇಳಿದದ್ದಾದರೆ ತಾಪಮಾನ ಡ್ರೈವ್ ತಾನೇ ಹೇಳೋ ಎಚ್ಚರಿಕೆಯ ಮಟ್ಟದ ಹತ್ತಿರ ನಿಂತಿರುತ್ತೆ, ಫ್ಯಾನ್ ಹಿಡಿದರೆ ವೇಗ ಮೇಲೇಳುತ್ತೆ. ಕ್ಯಾಶ್‌ನದ್ದಾದರೆ ಫ್ಯಾನ್ ಎಷ್ಟೇ ಬೀಸಿದರೂ ಗೆರೆ ಅಲ್ಲಾಡಲ್ಲ. ಎಚ್ಚರಿಕೆ ಮಟ್ಟದ ಮೇಲೆ ಎಷ್ಟು ನಿಮಿಷ ಕಳೆದಿದೆ ಅನ್ನೋ ಲೆಕ್ಕ ಡ್ರೈವ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಳ್ಳೋ ಸ್ಮಾರ್ಟ್ ದಾಖಲೆಯಲ್ಲೇ ಇರುತ್ತೆ, ಪರೀಕ್ಷೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಓದಿಕೊಳ್ಳಿ.

ಸರಾಸರಿ ಸಂಖ್ಯೆಯೊಂದನ್ನೇ ಹಾಕಿ ಕೈತೊಳೆದುಕೊಳ್ಳೋದೂ ತಪ್ಪು. ಸರಾಸರಿ 60 ಮೈಕ್ರೋಸೆಕೆಂಡ್ ಇದ್ದು, ಸಾವಿರಕ್ಕೊಂದು ಓದು 5 ಮಿಲಿಸೆಕೆಂಡ್ ತಗೊಂಡರೆ ಕೆಲಸ ಮಾಡುವಾಗ ಕೈಗೆ ತಾಗೋದು ಆ ಸಾವಿರಕ್ಕೊಂದೇ. ಎಫ್‌ಐಓ 99 ಮತ್ತು 99.9ನೇ ಶತಾಂಶದ ವಿಳಂಬವನ್ನ (ನೂರಕ್ಕೊಂದು, ಸಾವಿರಕ್ಕೊಂದು ಮಾತ್ರ ದಾಟೋ ಹೊತ್ತು) ಕೇಳದೆಯೇ ಮುದ್ರಿಸುತ್ತೆ, ಅದನ್ನೇ ಕತ್ತರಿಸಿ ಬಿಸಾಕಿ ಸರಾಸರಿಯನ್ನ ಮಾತ್ರ ಅಂಟಿಸ್ತಾರೆ. ಡೇಟಾಬೇಸ್‌ಗೆ ಅಂತ ಶಿಫಾರಸು ಮಾಡೋರು ಪ್ರತಿ ಬರವಣಿಗೆಗೂ ಎಫ್‌ಸಿಂಕ್ (ದತ್ತಾಂಶ ಕಳೆದುಹೋಗದ ಹಾಗೆ ಉಳೀತು ಅಂತ ಖಚಿತ ಮಾಡಿಕೊಳ್ಳೋ ಆದೇಶ) ಹಾಕಿ ಅಳೆದಿರಲೇಬೇಕು. ಕರೆಂಟ್ ಹೋದಾಗ ಕಾಪಾಡೋ ಕೆಪಾಸಿಟರ್‌ಗಳಿರೋ ಸರ್ವರ್ ಡ್ರೈವ್ ದತ್ತಾಂಶ ತನ್ನ ಡಿರ‍್ಯಾಮ್‌ಗೆ ಬಂದ ಕೂಡಲೇ "ಆಯ್ತು" ಅನ್ನಬಲ್ಲದು. ಅವಿಲ್ಲದ ದುಬಾರಿ ಗೇಮಿಂಗ್ ಡ್ರೈವ್ ಪ್ರತಿ ಸಲವೂ ಫ್ಲ್ಯಾಶ್‌ಗೆ ಬರೆದು ಮುಗಿಯೋವರೆಗೆ ಕಾಯಬೇಕು, ಲಕ್ಷಗಟ್ಟಲೆ ಐಓಪಿಎಸ್ (ಸೆಕೆಂಡಿಗೆ ಆಗೋ ಓದು-ಬರಹಗಳ ಸಂಖ್ಯೆ) ಅಂತ ಹೇಳಿಕೊಳ್ಳೋದೆಲ್ಲ ಅಲ್ಲಿ ಕರಗಿ ಹೋಗುತ್ತೆ.

ಮಾದರಿ ಹೆಸರು ಅದೇ ಇಟ್ಟುಕೊಂಡು ಒಳಗಿನ ಫ್ಲ್ಯಾಶ್, ಕೆಲವೊಮ್ಮೆ ಕಂಟ್ರೋಲರನ್ನೂ ಸದ್ದಿಲ್ಲದೆ ಬದಲಾಯಿಸಿದ ತಯಾರಕರಿದ್ದಾರೆ. ಮೊದಲ ತಿಂಗಳು ಪರೀಕ್ಷೆಗೆ ಹೋದದ್ದು ಒಂದು, ವರ್ಷದ ನಂತರ ಅದೇ ಡಬ್ಬದಲ್ಲಿ ಬರೋದು ಇನ್ನೊಂದು. ಇದು ಕೊಳ್ಳೋರಿಗೆ ಮಾಡೋ ನೇರ ದ್ರೋಹ. ಇದನ್ನ ಹಿಡಿಯೋಕೆ ಇರೋ ಒಂದೇ ಉಪಾಯ ಪ್ರತಿ ಫಲಿತಾಂಶದ ಜೊತೆ ಫರ್ಮ್‌ವೇರ್ ಆವೃತ್ತಿ, ಪೂರ್ಣ ಭಾಗ ಸಂಖ್ಯೆ, ಸ್ಟಿಕ್ಕರ್ ಮೇಲಿನ ತಯಾರಿಕೆಯ ತಿಂಗಳು ಬರೆದಿಡೋದು. ಎರಡು ಸಾಲಿನ ಕೆಲಸ. ಅದನ್ನ ಬರೆಯದ ಕಾರಣಕ್ಕೆ ನಿಧಾನದ ಡ್ರೈವ್ ಕೈಗೆ ಸಿಕ್ಕವರು ದೂರು ಕೊಟ್ಟಾಗ "ಎಲ್ಲರಿಗೂ ಚೆನ್ನಾಗೇ ಬರ್ತಿದೆಯಲ್ಲ, ನಿಮ್ಮ ಕಂಪ್ಯೂಟರ್ ಸರಿಯಿಲ್ಲ" ಅನ್ನೋ ಉತ್ತರ ಸಿಗುತ್ತೆ. ಸಾಕ್ಷಿಗೆ ತೋರಿಸೋದು ಮತ್ತೆ ಅದೇ 1 ಜಿಬಿಯ ಸ್ಕ್ರೀನ್‌ಶಾಟ್.