ಕುದುರೆಗಿರುವ ವಂಶವೃಕ್ಷ

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ಬುಡದಲ್ಲಿ ಆನೆಸಾಲು. ಅದರ ಮೇಲೆ ಸಿಂಹ, ಬಳ್ಳಿ, ಆಮೇಲೆ ಕುದುರೆಗಳು. ಮೊನ್ನೆ ದೊಡ್ಡಪ್ಪ ಅದನ್ನು ತೋರಿಸಿ ಹೇಳಿಯೇಬಿಟ್ಟರು. ‘ನೋಡಪ್ಪಾ, ಬೆಂಗಳೂರು ರೇಸಲ್ಲಿ ಗೆಲ್ಲೋವೆಲ್ಲ ಇವುಗಳ ಸಂತಾನ.’

ನಮ್ಮ ಹಾಸನದ ಕಡೆ ಯಾರೇ ಗೆದ್ದರೂ ಹೊಯ್ಸಳರ ನೆಂಟಸ್ತನ ಕಟ್ಟದಿದ್ದರೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಟಿಪ್ಪು ದಂಡಿನ ಕುದುರೆ ಸಾಕಿದ ಕುಣಿಗಲ್ ಇರುವುದು ತುಮಕೂರು ಜಿಲ್ಲೆಯಲ್ಲಲ್ವಾ ಅಂದೆ. ‘ಅವೂ ಇಲ್ಲಿಂದಲೇ ಹೋಗಿದ್ದು’ ಅಂದರು.

ತೊಂದರೆ ಏನಂದರೆ, ರೇಸ್ ಕುದುರೆಯ ದಾಖಲೆ ಪಕ್ಕಾ. ಥರೋಬ್ರೆಡ್ ಅನ್ನೋ ರೇಸ್ ತಳಿಯ ಕುದುರೆಗಳ ಅಪ್ಪನ ಕಡೆ ಬೇರು ಹುಡುಕಿದರೆ ಸಿಗುವುದು ಮೂರೇ ಗಂಡು ಕುದುರೆ. ಅದರಲ್ಲೊಂದು 1704ರಲ್ಲಿ ಸಿರಿಯಾದ ಅಲೆಪ್ಪೊದಿಂದ ಇಂಗ್ಲೆಂಡಿಗೆ ಹೋದ ಡಾರ್ಲಿ ಅರೇಬಿಯನ್. ಅದರ ಮರಿಮಗನ ಮಗ ಎಕ್ಲಿಪ್ಸ್. ಹುಟ್ಟಿದ್ದು 1764ರಲ್ಲಿ, ಸೂರ್ಯಗ್ರಹಣದ ಹೊತ್ತಿಗೆ. ಹೈದರಾಲಿ ಬಿದನೂರು ಗೆದ್ದ ಮರುವರ್ಷ. (ಗ್ರಹಣದಲ್ಲಿ ಹುಟ್ಟಿದರೆ ನಮ್ಮಲ್ಲಿ ಶಾಂತಿ ಮಾಡಿಸುತ್ತಾರೆ. ಅವರು ಓಡಿಸಿದರು.) 18 ರೇಸ್, ಒಂದರಲ್ಲೂ ಸೋಲಿಲ್ಲ. ಇಂಥವುಗಳ ಅಪ್ಪ, ಅಜ್ಜ, ಮುತ್ತಜ್ಜನ ಹೆಸರು ಬರೆದಿಡಲು 1791ರಲ್ಲೇ ಸ್ಟಡ್ ಬುಕ್ ಬಂತು.

ಇತ್ತ ನಮ್ಮ ತಾತ ಒಂದೂವರೆ ಎಕರೆ ಬಿಟ್ಟು ಹೋಗಿದ್ದಾರೆ. ಪೌತಿ ಖಾತೆಗೆ ವಂಶವೃಕ್ಷ ಬೇಕಂತೆ. ದೊಡ್ಡಪ್ಪನಿಗೆ ಮುತ್ತಾತನ ಹೆಸರು ಕೇಳಿದೆ. ಒಂಬೈನೂರು ವರ್ಷದ ಹಿಂದಿನ ಕುದುರೆಯ ಮೊಮ್ಮಕ್ಕಳ ಗುರುತು ಹಿಡಿಯುವವರು ತಲೆ ಕೆರೆದುಕೊಂಡರು. ‘ಎಲ್ಲಾ ಅಜ್ಜಯ್ಯ ಅಂತಿದ್ವಿ ಕಣಪ್ಪಾ.’

ಕಚೇರಿಯಲ್ಲಿ ಅಜ್ಜಯ್ಯ ನಡೆಯಲಿಲ್ಲ. ಪಹಣಿಯಲ್ಲಿ ತಾತನ ಹೆಸರಿನ ತುದಿಗೆ ‘ಗೌಡ’ ಇದೆ, ಅಪ್ಪನ ಆಧಾರ್‌ನಲ್ಲಿ ಅದೇ ತಾತನ ಹೆಸರಿಗೆ ‘ಅಯ್ಯ’ ಇದೆ. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ತನ್ನಿ ಅಂದರು. ತಂದುಕೊಟ್ಟೆ.

‘ಮರಣ ಪತ್ರ?’

‘ಆಗಿನ ಕಾಲದಲ್ಲಿ ಬರೆಸಿಲ್ಲ ಸಾರ್.’

‘ಮತ್ತೆ ಸತ್ತಿದ್ದಾರೆ ಅಂತ ನಾವು ಹೇಗೆ ನಂಬೋದು?’

‘ಬದುಕಿದ್ದಿದ್ದರೆ ಈಗ ನೂರಿಪ್ಪತ್ತು ದಾಟಿರುತ್ತಿತ್ತು ಸಾರ್.’

‘ಆಯಸ್ಸಿನ ವಿಷಯ ನಮ್ಮ ಇಲಾಖೆಗೆ ಬರಲ್ಲ.’

ತಡೆಯಲಾರದೆ ಎಕ್ಲಿಪ್ಸ್ ಕಥೆ ಹೇಳಿದೆ. ಸಾರ್, ಆ ಕುದುರೆ 1789ರಲ್ಲಿ ಸತ್ತಿದ್ದು. ಇವತ್ತಿಗೂ ಇಂಗ್ಲೆಂಡಿನ ಪಶುವೈದ್ಯ ಕಾಲೇಜಿನಲ್ಲಿ ಅದರ ಅಸ್ಥಿಪಂಜರ ನಿಲ್ಲಿಸಿದ್ದಾರೆ. ಅಂಥ ಪುರಾವೆ ನಾನೆಲ್ಲಿಂದ ತರಲಿ?

ಅವರು ಮೊದಲ ಸಲ ಫೈಲಿನಿಂದ ತಲೆ ಎತ್ತಿದರು.

‘ಮೂಳೆ ಒರಿಜಿನಲ್ಲಾ, ಜೆರಾಕ್ಸಾ?’