ಗುಡ್ಡವೇ ಕರ್ತೃಪದ

ಮೊನ್ನೆ ನಮ್ಮೂರ ಶಾಲೆಯ ಸಭೆಯಲ್ಲಿ ಮುಖ್ಯ ಅತಿಥಿಗಳು ಆಡಿದ ಮಾತನ್ನು ನೀವೂ ಓದಿರುತ್ತೀರಿ. ಮಕ್ಕಳು ವಿಡಿಯೊ ಗೇಮ್ ಆಡಿ ಆಡಿ ದುಷ್ಟರಾಗುತ್ತಿದ್ದಾರೆ, ಒಳ್ಳೆಯದು ಕೆಟ್ಟದ್ದು ತಿಳಿಯದ ಪೀಳಿಗೆಯೊಂದು ತಯಾರಾಗುತ್ತಿದೆ ಎಂದು ಅವರು ಕಳವಳ ವ್ಯಕ್ತಪಡಿಸಿದರು. ಕಳವಳ ವ್ಯಕ್ತಪಡಿಸುವುದರಲ್ಲಿ ಕೊಡಗಿನ ಗಣ್ಯರನ್ನು ಮೀರಿಸುವವರಿಲ್ಲ. ಮಳೆ ಬಂದರೆ ಕಳವಳ, ಬಾರದಿದ್ದರೆ ಕಳವಳ, ಕಾಫಿಯ ಬೆಲೆ ಇಳಿದರೆ ಬೆಳೆಗಾರರ ಬಗ್ಗೆ ಕಳವಳ, ಏರಿದರೆ ಕಾಫಿ ಕಳ್ಳರ ಬಗ್ಗೆ ಕಳವಳ. ಈ ಅತಿಥಿಗಳು ನಮ್ಮ ಹೋಬಳಿಯಲ್ಲಿ ಎಷ್ಟು ಎಕರೆ ಗದ್ದೆಗೆ ಮಣ್ಣು ತುಂಬಿಸಿದ್ದಾರೆ ಎಂಬುದು ಸಭೆಯಲ್ಲಿ ಕುಳಿತ ಎಲ್ಲರಿಗೂ ಗೊತ್ತಿತ್ತು. ಆದರೂ ಚಪ್ಪಾಳೆ ಬಿತ್ತು. ಯಾರು ತಟ್ಟಿದರು ಎಂದು ಕೇಳಬೇಡಿ. ಬಿತ್ತು, ಅಷ್ಟೆ.

ಅಂದು ಸಂಜೆ ಮನೆಗೆ ಬಂದವನು ದುಷ್ಟರ ಪತ್ತೆಗೆ ಹೊರಟೆ. ದೂರ ಹೋಗಬೇಕಾಗಲಿಲ್ಲ. ಒಳಕೋಣೆಯಲ್ಲಿ ಅಕ್ಕನ ಮಗ ಕಂಬಳಿ ಹೊದ್ದು ಕುಳಿತಿದ್ದ. ಹತ್ತನೆಯ ತರಗತಿ. ಅವರೂರಿನ ರಸ್ತೆಗೆ ಮಣ್ಣು ಬಿದ್ದದ್ದರಿಂದ ಹದಿನೈದು ದಿನದಿಂದ ನಮ್ಮ ಮನೆಯಲ್ಲಿದ್ದಾನೆ. ಮುಂದೆ ಅವನ ಅಣ್ಣ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಓವರ್‌ಲಾರ್ಡ್ 2 ಎಂಬ ಆಟ. 2009ರಲ್ಲಿ ಬಂದದ್ದು, ಹೆಚ್ಚು ಕಡಿಮೆ ಅವನ ಓರಗೆಯದೇ. 2007ರಲ್ಲಿ ಬಂದ ಮೊದಲ ಆಟದ ಮುಂದುವರಿದ ಭಾಗವಂತೆ. ಕಟ್ಟಿದವರು ನೆದರ್‌ಲೆಂಡ್ಸ್‌ನ ಟ್ರಯಂಫ್ ಸ್ಟುಡಿಯೋಸ್, ಮಾತು ಬರೆದವರು ರಿಯಾನಾ ಪ್ರ್ಯಾಚೆಟ್ ಎಂಬ ಲೇಖಕಿ.

"ಇದರಲ್ಲಿ ನೀನು ಯಾರು?" ಎಂದು ಕೇಳಿದೆ.

"ಖಳನಾಯಕ ಮಾವ. ಊರು ಹಾಳು ಮಾಡುವುದೇ ನನ್ನ ಕೆಲಸ."

ಎಂಥ ನೇರ ಉತ್ತರ! ನನ್ನ ಐವತ್ತೆರಡು ವರ್ಷದ ಬಾಳಿನಲ್ಲಿ, ಅದರಲ್ಲಿ ಇಪ್ಪತ್ತು ವರ್ಷ ಪಂಚಾಯಿತಿಯ ಬೆಂಚಿನ ಮೇಲೆ ಕಳೆದವನಿಗೆ, ಒಬ್ಬನೇ ಒಬ್ಬ ಇಷ್ಟು ಸ್ಪಷ್ಟವಾಗಿ ಹೇಳಿದ್ದಿಲ್ಲ. ಮುಖ್ಯ ಅತಿಥಿಗಳ ಕಳವಳ ಮರೆತು ಒಂದು ಮಣೆ ಎಳೆದುಕೊಂಡು ಅವನ ಪಕ್ಕದಲ್ಲಿ ಕುಳಿತೆ.

ಆಟದ ನಾಯಕ ಹುಟ್ಟಾ ದುಷ್ಟನೇನಲ್ಲ. ನಾರ್ಡ್‌ಬರ್ಗ್ ಎಂಬ ಹಿಮ ಬೀಳುವ ಊರಿನಲ್ಲಿ ಬೆಳೆದ ಅನಾಥ ಹುಡುಗ, ಮೈಯಲ್ಲಿ ಮಾಟದ ಶಕ್ತಿ. ಮಾಟವನ್ನು ನಿಷೇಧಿಸಿದ ಸಾಮ್ರಾಜ್ಯದ ಸೈನ್ಯ ಬಾಗಿಲಿಗೆ ಬಂದಾಗ ಊರವರು ತಮ್ಮ ತಲೆ ಉಳಿಸಿಕೊಳ್ಳಲು ಅವನನ್ನು ಹೊರಗೆ ತಳ್ಳುತ್ತಾರೆ. ಅವನನ್ನು ಎತ್ತಿಕೊಂಡು ಹೋಗಿ ಪಾತಾಳದಲ್ಲಿ ಸಾಕಿ ಸಿಂಹಾಸನಕ್ಕೆ ಕೂರಿಸುವುದು ಚೇಲಾಗಳು. ಮಿನಿಯನ್ ಎಂದು ಆಟದ ಹೆಸರು. ಚೇಲಾ ಎಂಬ ಪದ ನಮ್ಮಲ್ಲಿ ದಿನಬಳಕೆಯಲ್ಲಿರುವಾಗ ಹೊಸದನ್ನು ಹುಡುಕುವ ಕಷ್ಟವೇಕೆ? ನಾಲ್ಕು ಬಣ್ಣದವು ಇವೆ. ಕಂದು ಬಣ್ಣದವು ಮುಂದೆ ನುಗ್ಗಿ ಬಡಿಯುತ್ತವೆ. ಕೆಂಪಿನವು ಬೆಂಕಿ ಎಸೆಯುತ್ತವೆ. ಹಸಿರಿನವು ಹಿಂದಿನಿಂದ ಬಂದು ಬೆನ್ನಿಗೆ ಹಾಕುತ್ತವೆ. ನೀಲಿಯವು ಈಜುತ್ತವೆ, ಸತ್ತ ಚೇಲಾಗಳನ್ನು ಎಬ್ಬಿಸಿ ಮತ್ತೆ ಕೆಲಸಕ್ಕೆ ಹಚ್ಚುತ್ತವೆ. ನಮ್ಮ ಪಕ್ಷಗಳಲ್ಲಿಯೂ ಈ ನಾಲ್ಕು ವಿಭಾಗಗಳಿವೆ, ಆದರೆ ಬಣ್ಣ ಆಗಾಗ ಬದಲಾಗುವುದರಿಂದ ಗುರುತು ಹಿಡಿಯುವುದು ಕಷ್ಟ. ನಾರ್ಲ್ ಎಂಬ ಮುದಿ ಚೇಲಾ ಒಡೆಯನ ಕಿವಿಯ ಬಳಿ ಸದಾ ಸಲಹೆ ಊದುತ್ತಿರುತ್ತಾನೆ. ಕ್ವೇವರ್ ಎಂಬ ಇನ್ನೊಬ್ಬ ಭಟ್ಟಂಗಿ, ಒಡೆಯ ಮಾಡಿದ ಅನಾಚಾರವನ್ನೆಲ್ಲ ಹಾಡು ಕಟ್ಟಿ ಹೊಗಳುವವನು. ಪಾಪ, ಅವರಿಗೆ ಫ್ಲೆಕ್ಸ್ ಮುದ್ರಿಸುವ ಅಂಗಡಿ ಇಲ್ಲ.

ನನಗೆ ಬಹಳ ಹಿಡಿಸಿದ್ದು ಕಂದು ಚೇಲಾಗಳು. ಲೂಟಿಗೆ ಹೋದಲ್ಲಿ ಏನು ಸಿಕ್ಕರೂ ತಲೆಗೆ ಹಾಕಿಕೊಳ್ಳುತ್ತವೆ. ಶಿರಸ್ತ್ರಾಣ ಸಿಕ್ಕರೆ ಸರಿ, ಸಿಗದಿದ್ದರೆ ಕುಂಬಳಕಾಯಿ. ಒಂದು ಕುಂಬಳಕಾಯಿಯ ಒಳಗಿನಿಂದ ಎರಡು ಕಣ್ಣು ಹೊಳೆಸಿಕೊಂಡು ಮಹಾ ಸೇನಾನಿಯ ಠೀವಿಯಲ್ಲಿ ಓಡುತ್ತಿತ್ತು. ನೋಡಿ ನಗು ತಡೆಯಲಾಗಲಿಲ್ಲ. ಆಷಾಢದಲ್ಲಿ ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನು ಮಳೆಗೆ ತಲೆಯ ಮೇಲೆ ಕೊಪ್ಪೆ ಮಾಡಿಕೊಂಡು ತೋಟದಲ್ಲಿ ಕಸಿ ಮಾಡುವ ನಮ್ಮಂಥವರಿಗೆ ಇದು ತೀರ ಅಪರಿಚಿತ ದೃಶ್ಯವೇನಲ್ಲ. ನಮ್ಮ ಕೊಪ್ಪೆಯ ಮೇಲೆ ಯೂರಿಯಾದ ಪ್ರಮಾಣ ಬರೆದಿರುತ್ತದೆ, ಅದೊಂದು ಹೆಚ್ಚುಗಾರಿಕೆ.

ಮಧ್ಯೆ ಕರೆಂಟು ಹೋಯಿತು. ಮೇಣದಬತ್ತಿ ಹಚ್ಚಿದೆವು. ಅಕ್ಕ ಕಳಿಸಿದ ಮದ್ದುಸೊಪ್ಪಿನ ಪಾಯಸ ಇತ್ತು. ಅದನ್ನು ಉಣ್ಣುವ ದಿನವಾದ ಕಕ್ಕಡ ತಿಂಗಳ ಹದಿನೆಂಟು ಕಳೆದು ಎರಡು ದಿನವಾದರೂ ಅದರ ನೇರಳೆ ಬಣ್ಣ ಮಾತ್ರ ಕಡಿಮೆಯಾಗಿರಲಿಲ್ಲ. ಆಟವಿಲ್ಲದ ಹೊತ್ತಿನಲ್ಲಿ ಹುಡುಗ ಒಲ್ಲದ ಮನಸ್ಸಿನಿಂದ ಕನ್ನಡ ವ್ಯಾಕರಣದ ಪುಸ್ತಕ ತೆರೆದ. ವಾಕ್ಯದಲ್ಲಿ ಕರ್ತೃಪದ ಗುರುತಿಸುವುದು ಅಭ್ಯಾಸ. ಪರೀಕ್ಷಿಸೋಣವೆಂದು ಅಂದಿನ ಪತ್ರಿಕೆಯನ್ನೇ ಮೇಣದಬತ್ತಿಯ ಹತ್ತಿರ ಹಿಡಿದು ಓದಿದೆ.

"ಗುಡ್ಡ ಕುಸಿಯಿತು. ಕರ್ತೃಪದ ಯಾವುದು?"

"ಗುಡ್ಡ."

"ರಸ್ತೆ ಬಿರುಕು ಬಿಟ್ಟಿತು?"

"ರಸ್ತೆ."

"ತಡೆಗೋಡೆ ಉರುಳಿತು?"

"ತಡೆಗೋಡೆ, ಮಾವ. ಎಲ್ಲ ಸುಲಭದವೇ ಕೇಳುತ್ತೀರಿ."

ಪೂರ್ತಿ ಅಂಕ. ತಪ್ಪೇನೂ ಇಲ್ಲ. ಕನ್ನಡ ವ್ಯಾಕರಣದ ಪ್ರಕಾರ ಕೊಡಗಿನಲ್ಲಿ ಆಗುವ ಸಕಲ ಅನಾಹುತಗಳಿಗೂ ಕರ್ತೃ ಸಿಕ್ಕಿದ್ದಾನೆ. ಗುಡ್ಡವೇ ಕುಸಿಯುವ ಕ್ರಿಯೆಯನ್ನು ಮಾಡಿದ್ದು. ಗದ್ದೆ ತಾನೇ ಬಡಾವಣೆ ಆಯಿತು. ನೀರು ಹರಿಯುವ ತೋಡು ತಾನೇ ಮುಚ್ಚಿಹೋಯಿತು. ಮರಗಳು ತೆರವಾದವು. ಬೆಟ್ಟದ ಅರ್ಧ ಭಾಗ ಸಮತಟ್ಟಾಗಿ ಕಂಡುಬಂದಿತು. ಇಷ್ಟು ಕೆಲಸ ನಡೆಯುವ ಜಿಲ್ಲೆಯಲ್ಲಿ ಕೈಕಾಲಿರುವ ಒಬ್ಬ ಮನುಷ್ಯನೂ ಏನನ್ನೂ ಮಾಡಿರುವುದಿಲ್ಲ. ಮನುಷ್ಯರು ವಾಕ್ಯಕ್ಕೆ ಬರುವುದು ಆಮೇಲೆ: ಶಾಸಕರು ಪರಿಶೀಲಿಸಿದರು, ಅಧಿಕಾರಿಗಳು ಸೂಚಿಸಿದರು, ಗಣ್ಯರು ಕಳವಳ ವ್ಯಕ್ತಪಡಿಸಿದರು.

ಹಾಗೆಂದು ನಮ್ಮಲ್ಲಿ ಖಳರೇ ಇಲ್ಲವೆಂದು ತಿಳಿಯಬೇಡಿ. ಇಬ್ಬರಿದ್ದಾರೆ, ಇಬ್ಬರಿಗೂ ಅಧಿಕೃತ ಮಾನ್ಯತೆ ಇದೆ. ಒಬ್ಬ ವರುಣ. ಜೂನ್ ಬಂದೊಡನೆ ಅವನ ಆರ್ಭಟ, ಅಟ್ಟಹಾಸ, ರುದ್ರನರ್ತನ ಎಲ್ಲ ದಪ್ಪಕ್ಷರದಲ್ಲಿ ಬರುತ್ತವೆ. ಸಾವಿರಾರು ವರ್ಷಗಳಿಂದ ಇದೇ ಘಟ್ಟದ ಮೇಲೆ ಇದೇ ಮುಂಗಾರಿನಲ್ಲಿ ಸುರಿಯುತ್ತಿರುವವನು ಈಗೀಗ ಕಿಡಿಗೇಡಿಯಾಗಿದ್ದಾನೆ. ಇನ್ನೊಬ್ಬ ಆನೆ. ತೋಟಕ್ಕೆ ಬಂದ ಆನೆಗೆ ಪುಂಡಾನೆ ಎಂದು ಬಿರುದು ಕೊಟ್ಟು, ಅರಿವಳಿಕೆ ಚುಚ್ಚಿ, ಸಾಕಾನೆಗಳಿಂದ ಎಳೆಸಿ ದುಬಾರೆಯ ಆನೆ ಶಿಬಿರಕ್ಕೋ ಮತ್ತಿಗೋಡಿನದಕ್ಕೋ ತರುತ್ತಾರೆ. ಅಲ್ಲಿ ಬೆಲ್ಲ, ಬೆತ್ತ ಎರಡೂ ತಿಂದು ಕೆಲವು ವರ್ಷಗಳಲ್ಲಿ ಸಜ್ಜನನಾದರೆ ದಸರಾಕ್ಕೆ ಬಡ್ತಿ. 2020ರಿಂದ ಅಂಬಾರಿ ಹೊತ್ತ ಅಭಿಮನ್ಯು ಕೂಡ ಒಂದು ಕಾಲಕ್ಕೆ ಕಾಡಿನಿಂದ ಹಿಡಿದು ತಂದವನೇ, ಮುಂದೆ ಬೇರೆ ಕಾಡಾನೆಗಳನ್ನು ಹಿಡಿಯುವುದರಲ್ಲಿ ಅವನದೇ ದೊಡ್ಡ ಹೆಸರು. ಆಟದಲ್ಲಿಯೂ ಹೀಗೆಯೇ. ಚೇಲಾಗಳು ತೋಳಗಳನ್ನು ಮಣಿಸಿ ಅವುಗಳ ಬೆನ್ನೇರಿ ಮುಂದಿನ ಊರಿಗೆ ನುಗ್ಗುತ್ತವೆ. ನಮ್ಮಲ್ಲಿ ಕಾಡಿನಿಂದ ಬಂದವರಿಗೆ ಮಾತ್ರ ಸುಧಾರಣೆಯ ಯೋಜನೆ ಇದೆ. ನಾಡಿನಿಂದ ಬಂದವರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತೇವೆ.

ಕರೆಂಟು ಬಂತು. ಹುಡುಗ ಸೀಲ್ ಮರಿಗಳನ್ನು ಬಡಿಯುತ್ತಿದ್ದ. ಬಡಿದರೆ ಜೀವಶಕ್ತಿ ಸಿಗುತ್ತದೆ, ಅದರಿಂದ ಇನ್ನಷ್ಟು ಚೇಲಾಗಳನ್ನು ಕರೆಸಿಕೊಳ್ಳಬಹುದು. ಉದ್ದ ಕಿವಿಯ ಎಲ್ಫ್ ಜನ ಬಂದು ಪ್ರಾಣಿಗಳನ್ನು ಉಳಿಸಿ, ಪ್ರಕೃತಿಯನ್ನು ಉಳಿಸಿ ಎಂದು ಗೋಳಾಡುತ್ತಾರೆ. ಅವರ ಮುಂದಾಳು ಫ್ಲೋರಿಯನ್ ಗ್ರೀನ್‌ಹಾರ್ಟ್. ಹೆಸರಿನಲ್ಲೇ ಹಸಿರು ಹೃದಯ. ಎಷ್ಟು ಮೃದು, ಎಷ್ಟು ಕಾಳಜಿ. ನನಗಂತೂ ಖಳನಾಯಕನ ಮೇಲೆ ಸಿಟ್ಟೇ ಬಂದಿತ್ತು. ಆಗ ಹುಡುಗ ನಗುತ್ತಾ ಗುಟ್ಟು ಬಿಟ್ಟುಕೊಟ್ಟ. ಇಷ್ಟು ಹಳೆಯ ಆಟ, ನಿಮಗೂ ಹೇಳಿದರೆ ಪಾಪ ತಟ್ಟಲಾರದು: ಆ ಫ್ಲೋರಿಯನ್ನನೇ ಸಾಮ್ರಾಟ ಸೊಲೇರಿಯಸ್. ನಾಡನ್ನು ಹಾಳುಗೆಡವಿದ ಮಹಾಸ್ಫೋಟಕ್ಕೆ ಕಾರಣನೂ ಅವನೇ, ಮಾಟ ನಿಷೇಧಿಸಿ ಎಲ್ಲರಿಂದ ಕಿತ್ತುಕೊಂಡದ್ದನ್ನು ತನ್ನ ಹೊಟ್ಟೆಗೆ ಹಾಕಿಕೊಳ್ಳುವವನೂ ಅವನೇ, ಹಸಿರಿನ ಬಗ್ಗೆ ಭಾಷಣ ಮಾಡುವವನೂ ಅವನೇ.

"ನಂಬಲಾಗುವುದಿಲ್ಲ ಅಲ್ಲವೇ ಮಾವ?" ಎಂದ.

ಮಗೂ, ನಿನ್ನ ಕಿಟಕಿಯಿಂದ ಒಮ್ಮೆ ಹೊರಗೆ ನೋಡು.

ನಮ್ಮ ತೋಟದ ಮೇಲುಭಾಗದಲ್ಲಿ ಒಂದು ರೆಸಾರ್ಟ್ ಏಳುತ್ತಿದೆ. ಏಳುತ್ತಿದೆ ಎಂದೇ ಬರೆಯಬೇಕು, ಅಣಬೆಯ ಹಾಗೆ ತಾನಾಗಿಯೇ. ಫಲಕದಲ್ಲಿ ಹಸಿರೆಲೆಯ ಚಿತ್ರ, ಹೆಸರಿನಲ್ಲಿ 'ಇಕೋ', ಅದರ ಕೆಳಗೆ ಪ್ರಕೃತಿಯ ಮಡಿಲಿಗೆ ಸ್ವಾಗತ. ಮಡಿಲನ್ನು ಮಾರ್ಚ್‌ನಲ್ಲಿ ಎರಡು ಜೆಸಿಬಿ ತಂದು ಕೊರೆದರು. ಮೂವತ್ತಡಿ ನೇರ ಕತ್ತರಿಸಿದ ಕೆಂಪು ಮಣ್ಣಿನ ಗೋಡೆ. ಮೇಲಂಚಿನಲ್ಲಿ ಅರ್ಧ ಬೇರು ಹೊರಗೆ ನೇತಾಡಿಸಿಕೊಂಡು ನಿಂತ ರೊಬಸ್ಟಾ ಕಾಫಿ ಗಿಡಗಳು. ಅವುಗಳಲ್ಲಿ ಈಗಲೂ ಎಳೆಯ ಕಾಯಿ ಇದೆ, ಗಿಡಕ್ಕೆ ವಿಷಯ ಇನ್ನೂ ತಿಳಿದಂತಿಲ್ಲ. ಕತ್ತರಿಸಿದ ಮಣ್ಣು ಕೆಳಗಿನ ತೋಡಿಗೆ. ಜೂನ್ ಮೊದಲ ವಾರ ಗೋಡೆಯ ಕಾಲಬುಡದಲ್ಲಿ ಸಿಲ್ವರ್ ಓಕ್ ಸಸಿ ನೆಟ್ಟು ಫೋಟೊ ತೆಗೆಸಿಕೊಂಡರು. ನೆಟ್ಟವರು ಯಾರೆಂದು ಹೇಳಬೇಕೇ? ಮುಖ್ಯ ಅತಿಥಿಗಳು. ಮಳೆ ಹಿಡಿದ ಮೇಲೆ ಗುಡ್ಡಕ್ಕೆ ನೀಲಿ ಟಾರ್ಪಾಲು ಹೊದಿಸಿ, ಅದರ ಮೇಲೆ ಹಳೆಯ ಟಯರುಗಳನ್ನಿಟ್ಟರು. ಗುಡ್ಡಕ್ಕೆ ಶೀತವಾಗಬಾರದಲ್ಲ. ಮೂವತ್ತಡಿ ಮಣ್ಣನ್ನು ಹಿಡಿದು ನಿಲ್ಲಿಸಲು ಪ್ಲಾಸ್ಟಿಕ್ ಸಾಕು ಎಂಬ ತಂತ್ರಜ್ಞಾನಕ್ಕೆ ಇನ್ನೂ ಯಾವ ಪ್ರಶಸ್ತಿಯೂ ಬಾರದಿರುವುದು ನಮ್ಮ ದೌರ್ಭಾಗ್ಯ.

ಜುಲೈನಲ್ಲಿ ನೋಟಿಸು ಬಂತು. ಇದು ಅಪಾಯದ ಪ್ರದೇಶ, ನಿವಾಸಿಗಳು ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು, ತಪ್ಪಿದಲ್ಲಿ ಮುಂದಾಗುವ ಅನಾಹುತಕ್ಕೆ ತಾವೇ ಹೊಣೆ. ಎಲ್ಲಿಗೆ ಬಂತು? ಕೆಳಗೆ ತೋಟದ ಕೂಲಿಯವರಿರುವ ಲೈನ್ ಮನೆಗಳ ನಾಲ್ಕು ಬಾಗಿಲಿಗೆ. ಮೇಲಿನವರಿಗಲ್ಲ. ಕೊರೆದವನಿಗೆ ಪರವಾನಗಿ, ಕೆಳಗೆ ಮಲಗಿದವನಿಗೆ ನೋಟಿಸು. ಇಲ್ಲಿ ನನಗೆ ತಮಾಷೆ ಮಾಡಲು ಬರುವುದಿಲ್ಲ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಕಾಲೂರು ಕಡೆಯ ಜನ ಉಟ್ಟ ಬಟ್ಟೆಯಲ್ಲಿ ಕೆಸರು ಹೊಕ್ಕು ಬೆಟ್ಟ ಹತ್ತಿದ್ದನ್ನು ಕಂಡಿದ್ದೇವೆ. ತೋಟ ಎಲ್ಲಿತ್ತು, ಮನೆ ಎಲ್ಲಿತ್ತು ಎಂದು ಕೈತೋರಿಸಲು ಗುರುತಿನ ಒಂದು ಮರವೂ ಉಳಿಯದೆ ನಿಂತವರನ್ನು ಕಂಡಿದ್ದೇವೆ. ಆಗ ಎಲ್ಲರೂ ಇನ್ನು ಮುಂದೆ ಹೀಗಾಗಬಾರದು ಎಂದರು. ಆಮೇಲೆ ಏನು ಬದಲಾಯಿತು? ಪರಿಹಾರ ಕೇಂದ್ರದ ಹೆಸರು ಕಾಳಜಿ ಕೇಂದ್ರ ಎಂದಾಯಿತು. ಹೆಸರು ಚೆನ್ನಾಗಿದೆ. ಲೈನ್ ಮನೆಯ ಹೆಂಗಸು ನೋಟಿಸನ್ನು ನನ್ನ ಕೈಯಲ್ಲಿ ಓದಿಸಿಕೊಂಡು, "ಹೋಗುವುದು ಎಲ್ಲಿಗೆ ಅಣ್ಣ, ಅದನ್ನು ಬರೆದಿದ್ದಾರಾ?" ಎಂದು ಕೇಳಿದಳು. ಬರೆದಿರಲಿಲ್ಲ. ಎರಡು ಸಲ ಮಡಚಿ ಅಕ್ಕಿ ಡಬ್ಬದ ಕೆಳಗೆ ಇಟ್ಟಳು.

ಹುಡುಗನ ಆಟದಲ್ಲಿ ಊರೊಂದು ಕೈವಶವಾದಾಗ ಎರಡು ದಾರಿಗಳಿವೆ. ಜನರನ್ನು ವಶಪಡಿಸಿಕೊಂಡು ದುಡಿಸಿ ಆಳಬಹುದು, ಇಲ್ಲವೇ ಎಲ್ಲವನ್ನೂ ನಾಶ ಮಾಡಬಹುದು. ನೀನು ಇಷ್ಟು ಆಳಿದೆ, ಇಷ್ಟು ಅಳಿಸಿದೆ ಎಂಬ ಲೆಕ್ಕ ಆಟವೇ ಇಡುತ್ತದೆ. ಅದು ಅಳಿಸಲಾಗದ ಲೆಕ್ಕ. ನಾನಲ್ಲ, ಮಳೆ ಮಾಡಿದ್ದು ಎನ್ನುವ ಗುಂಡಿ ಕೀಲಿಮಣೆಯಲ್ಲಿ ಎಲ್ಲಿಯೂ ಇಲ್ಲ. ಇಂಥ ಆಟವನ್ನು ಮಕ್ಕಳು ಆಡಬಾರದೆಂದು ಮುಖ್ಯ ಅತಿಥಿಗಳು ಹೇಳಿದ್ದರಲ್ಲಿ ಅರ್ಥವಿದೆ. ರೂಢಿಯಾದರೆ ಕಷ್ಟ.

ಮರುದಿನ ಬೆಳಗ್ಗೆ ಗಾಳಿ ಜೋರಿತ್ತು. ಆ ನೀಲಿ ಟಾರ್ಪಾಲು ಗುಡ್ಡ ಬಿಟ್ಟು ಹಾರಿ ಬಂದು ನಮ್ಮ ಮೂರು ಕರಿಮೆಣಸಿನ ಬಳ್ಳಿಗಳನ್ನು ಎಳೆದು ಹಾಕಿ ಬಿದ್ದಿತ್ತು. ಒಂದು ಟಯರು ಕೊಟ್ಟಿಗೆಯವರೆಗೆ ಉರುಳಿತ್ತು. ಹತ್ತು ಗಂಟೆಗೆ ಮೇಲಿನಿಂದ ಒಬ್ಬ ಬಂದ. ಒಳ್ಳೆಯ ಹುಡುಗ, ಬಹಳ ಸಂಕೋಚದಿಂದ, "ಅಣ್ಣ, ಇಲ್ಲಿ ಟಾರ್ಪಾಲು ಬಂದಿದೆಯಂತೆ" ಎಂದ. ಹಿಂದಿನ ರಾತ್ರಿ ಮನಸ್ಸಿನಲ್ಲೇ ಬರೆದಿಟ್ಟಿದ್ದ ಮಾತುಗಳೆಲ್ಲ ಗಂಟಲವರೆಗೆ ಬಂದವು. ತಡೆಗೋಡೆ, ತೋಡು, ಲೈನ್ ಮನೆ, ನೋಟಿಸು.

"ಬಂದಿದೆ" ಎಂದೆ. ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಇಳಿದೆ. ನೆನೆದ ಟಾರ್ಪಾಲು ಒಬ್ಬರಿಂದ ಮಡಚುವಂಥದ್ದಲ್ಲ. ಅವನೊಂದು ತುದಿ, ನಾನೊಂದು ತುದಿ ಹಿಡಿದು ನೀರು ಕೊಡವಿ ಮಡಚಿದೆವು. ಜಿಗಣೆ ಹತ್ತಿತು. ಟಯರನ್ನೂ ಉರುಳಿಸಿಕೊಂಡು ಗೇಟಿನವರೆಗೆ ಬಿಟ್ಟುಬಂದೆ.

ಜಗಲಿಯ ಮೇಲೆ ಅಕ್ಕನ ಮಗ ಕಾಫಿ ಲೋಟ ಹಿಡಿದು ಎಲ್ಲವನ್ನೂ ನೋಡುತ್ತಾ ನಿಂತಿದ್ದ. ಕೊಪ್ಪೆಯಿಂದ ಮೂಗಿನ ಮೇಲೆ ನೀರು ಇಳಿಯುತ್ತಿದ್ದ ನನ್ನನ್ನು ಕಂಡು ಅವನ ಬಾಯಿಯ ಕೊನೆ ಸೊಟ್ಟಗಾಯಿತು.

"ಏನು ನಗು?" ಎಂದೆ.

"ಏನಿಲ್ಲ ಮಾವ," ಎಂದ. "ಕಂದು ಬಣ್ಣದ್ದು."