ಹ್ಯಾಂಡ್ ಬ್ರೇಕ್ ಹಿಡ್ಕೊಂಡ್ರೆ ದಯವಿಟ್ಟು ತಳ್ಳೋಕೆ ಬರಬೇಡಿ

ಬೆಳಿಗ್ಗೆಯಿಂದ ಮೂಗಲ್ಲಿ ಕ್ಲಚ್ ಸುಟ್ಟ ವಾಸನೆ ಕೂತಿದೆ. ಅದು ಹೋಗೋದ್ರೊಳಗೆ ಬರೆದುಬಿಡ್ತೀನಿ. ಸಿಟ್ಟು ಇಳಿದ ಮೇಲೆ ಬರೆದ್ರೆ ಸುಮ್ನೆ ಮರ್ಯಾದಸ್ಥನಾಗಿಬಿಡ್ತೀನಿ.

ನಮ್ಮ ಕಡೆ ಮಳೆಗಾಲ ನಿಮಗೆ ಗೊತ್ತೇ ಇದೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟೋ ಆಗುಂಬೆಯ ನೆರೆಹೊರೆ ನಾವು, ಒಗೆದ ಲುಂಗಿ ಒಣಗೋಕೆ ನಾಲ್ಕು ದಿನ ಬೇಕು. ಅಂಥಾ ಅಂಗಳದಲ್ಲಿ ನಮ್ಮ ಭಾವ ಕಾರು ನಿಲ್ಸಿ, ಬಾವಿಯಿಂದ ತುಂಬಿದ ಕೊಡ ಸೇದೋ ಹಾಗೆ ಹ್ಯಾಂಡ್ ಬ್ರೇಕ್ ಎಳೆದು, ರೈಲು ಹತ್ತಿ ಬೆಂಗಳೂರಿಗೆ ಹೋದವರು 24 ದಿನ ಬಿಟ್ಟು ಬಂದ್ರು. ಇವತ್ತು ಹೊರಟ್ರು. ಕಾರು ಹೊರಡಲಿಲ್ಲ.

ಲಿವರ್ ಸಲೀಸಾಗಿ ಕೆಳಗಿಳೀತು, ಎದುರಿನ ಕೆಂಪು ಲೈಟೂ ಆರಿತು. ಅಷ್ಟೇ ಸಾಕಾಯ್ತು ನಮ್ಮೂರ ಇಂಜಿನಿಯರುಗಳಿಗೆ. "ಲೈಟ್ ಹೋಗಿದ್ಯಲ್ಲ, ಬ್ರೇಕ್ ಬಿಟ್ಟಿದೆ. ಎಕ್ಸಲೇಟರ್ ಕೊಡಿ ಭಾವಾ!" ಅಯ್ಯಾ, ಆ ಲೈಟಿಗೆ ಗೊತ್ತಾಗೋದು ಲಿವರ್ ಇಳಿದದ್ದು ಮಾತ್ರ. ಅದರ ಬುಡದಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತೆ, ಅಷ್ಟೇ. ಹಿಂದಿನ ಗಾಲಿ ಒಳಗೆ ಏನಾಗಿದೆ ಅಂತ ಅದಕ್ಕೇನು ಕನಸು ಬೀಳುತ್ತಾ?

ಆರು ಜನ ತಳ್ಳಿದ್ರು. ಭಾವ ಗೊರ್ ಅನ್ನಿಸಿದ್ರು. ಕಾರು ಮುಂದೆ ಹೋಗಿದ್ದು ನಿಜ, ಸುಮಾರು ಎರಡು ಮಾರು. ಆದ್ರೆ ಹಿಂದಿನ ಗಾಲಿ ಒಂದು ಸುತ್ತೂ ತಿರುಗದೆ ಅಂಗಳದ ಕೆಂಪು ಮಣ್ಣನ್ನ ಕೆತ್ಕೊಂಡು ಬಂತು. ಎರಡು ನೇಗಿಲ ಸಾಲು, ಗದ್ದೆ ಹೂಡಿದ ಹಾಗೆ! ಅದನ್ನ ಕಣ್ಣಾರೆ ನೋಡಿದ ಮೇಲೂ "ಇನ್ನೊಂಚೂರು ಜೋರಾಗಿ" ಅಂದವರಿದ್ದಾರಲ್ಲ, ಅವರಿಗೆ ಏನು ಹೇಳೋದು.

ಇನ್ನೊಬ್ಬರು ಸೀಮೆಎಣ್ಣೆ ಬಾಟ್ಲಿ ಹಿಡ್ಕೊಂಡು ಬಂದ್ರು. ಹಿಂದಿನ ಗಾಲಿ ಜೊತೆ ತಿರುಗೋ ಬ್ರೇಕ್ ಡಬ್ಬಿ ಇದ್ಯಲ್ಲ, ಆ ಡ್ರಮ್ಮಿಗೆ ಹುಯ್ಯಬೇಕಂತೆ. ಡ್ರಮ್ಮನ್ನ ಒಳಗಿಂದ ಉಜ್ಜಿ ಹಿಡಿಯೋ ಲೈನರ್ ಎಣ್ಣೆ ಕುಡಿದ್ರೆ ಹಿಡ್ಕೊಂಡಿದ್ದು ಬಿಡಬಹುದೇನೋ, ಆಮೇಲೆ ಘಾಟಿಯಲ್ಲಿ ಬ್ರೇಕೇ ಹಿಡಿಯಲ್ಲ.

ಆಗಿದ್ದು ಇಷ್ಟೇ. ಹಿಂದಿನ ಡ್ರಮ್ ಬೀಡು ಕಬ್ಬಿಣದ್ದು. ಒದ್ದೆಯಾಗಿ ಒಂದು ರಾತ್ರಿ ನಿಂತ್ರೆ ಮೇಲೆ ತುಕ್ಕು ಬರುತ್ತೆ. ಲೈನರ್ ಕೂತಿರೋ ಬ್ರೇಕ್ ಶೂವನ್ನ ಅದಕ್ಕೆ ಒತ್ತಿಹಿಡಿದು ವಾರಗಟ್ಟಲೆ ಬಿಟ್ರೆ ಲೈನರೂ ಡ್ರಮ್ಮೂ ಅಂಟು ಹಾಕಿದ ಹಾಗೆ ಕೂಡಿಕೊಳ್ತವೆ. ಕೆಲವೊಮ್ಮೆ ಲಿವರಿಂದ ಗಾಲಿಗೆ ಹೋಗೋ ಕೇಬಲ್ಲೇ ತುಕ್ಕು ಹಿಡಿದು ವಾಪಸ್ ಬರಲ್ಲ. ಎರಡಕ್ಕೂ ಎಕ್ಸಲೇಟರ್ ಔಷಧಿ ಅಲ್ಲ. ತಿಂಗಳುಗಟ್ಟಲೆ ಮಟ್ಟದ ಅಂಗಳದಲ್ಲಿ ನಿಲ್ಸೋರು ಫಸ್ಟ್ ಗೇರಿಗೆ ಹಾಕಿ, ಗಾಲಿಯ ಹಿಂದೆ ಮುಂದೆ ಎರಡು ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಮುಟ್ಟಬೇಡಿ. ಕಲ್ಲಿಗೆ ನಮ್ಮೂರಲ್ಲಿ ಬರವೇ?

"ಇಳಿಜಾರಲ್ಲಿ ಏನ್ಮಾಡೋದು, ಕಾರು ತೋಟಕ್ಕೆ ಇಳಿಯಲ್ವಾ?" ಅಂತ ಈಗಾಗ್ಲೇ ಒಬ್ಬರು ಟೈಪ್ ಮಾಡ್ತಿರ್ತೀರಿ. ಎಳೀರಿ ಸ್ವಾಮಿ, ಇಳಿಜಾರಲ್ಲಿ ಧಾರಾಳವಾಗಿ ಎಳೀರಿ, ಕಲ್ಲೂ ಕೊಡಿ. ನಾನು ಹೇಳ್ತಿರೋದು ಕೇರಂ ಬೋರ್ಡಿನಷ್ಟು ಮಟ್ಟಸ ಇರೋ ಅಂಗಳದ ಕತೆ.

ಈಗ ಒಂದು ತಪ್ಪೊಪ್ಪಿಗೆ. 2019ರಲ್ಲಿ ನನ್ನ ಕಾರಿನ ಕ್ಲಚ್ ಹೋಗಿದ್ದು ಕಂಪನಿ ಕಳಪೆ ಅಂತ ಮನೆಯಲ್ಲಿ ಹೇಳಿದ್ದೆನಲ್ಲ, ಸುಳ್ಳು. ಇದೇ ಅಂಗಳ, ಇದೇ ಮಳೆ, ಇದೇ ಎಕ್ಸಲೇಟರ್. ಇದನ್ನ ಓದಿ ನನ್ನ ಹೆಂಡತಿ ಈಗ ಅಡುಗೆಮನೆಯಿಂದ ಹೊರಗೆ ಬರ್ತಿದ್ದಾಳೆ. ಬೇಗ ಮುಗಿಸ್ತೀನಿ.

ಕೊನೆಗೆ ಬಿಡಿಸಿದ್ದು ಪಕ್ಕದ ಮನೆಗೆ ತಗಡಿನ ಶೀಟ್ ಇಳಿಸೋಕೆ ಬಂದಿದ್ದ ಲಾರಿ ಡ್ರೈವರ್. ಬೀಡಿ ಮುಗಿಯೋ ತನಕ ತಮಾಷೆ ನೋಡಿ, ಆಮೇಲೆ ಭಾವನ್ನ ಕೆಳಗಿಳಿಸಿ ತಾನು ಕೂತ. ರಿವರ್ಸ್ ಹಾಕಿ ಕ್ಲಚ್ಚನ್ನ ಒಂಚೂರೇ ಬಿಟ್ಟು ಹಿಡಿದ, ಮತ್ತೆ ಫಸ್ಟ್, ಮತ್ತೆ ರಿವರ್ಸ್. ತೊಟ್ಟಿಲು ತೂಗಿದ ಹಾಗೆ. ಮೂರನೇ ಸಲಕ್ಕೆ ಬಲಗಡೆ ಟಪ್ ಅಂತು. ಎಡಗಡೆ ಜಪ್ಪಯ್ಯ ಅನ್ನಲಿಲ್ಲ. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ನಟ್ ಸಡಿಲಿಸಿ, ಜಾಕಿ ಎತ್ತಿ, ಬಿಚ್ಚಿದ ಗಾಲಿಯನ್ನ ಕಾರಿನಡಿಗೆ ತಳ್ಳಿದ, ಜಾಕಿ ಜಾರಿದ್ರೆ ಇರ್ಲಿ ಅಂತ. ಡ್ರಮ್ಮಿಗೆ ಮರದ ತುಂಡು ಆನಿಸಿ ಸುತ್ತಲೂ ಸುತ್ತಿಗೆಯಲ್ಲಿ ಹದವಾಗಿ ತಟ್ಟುತ್ತಾ ಬಂದ. ಕಟ್ ಅಂದಿದ್ದೇ ಡ್ರಮ್ ಕೈಯಲ್ಲೇ ತಿರುಗ್ತು, ಅಂಚಿಂದ ಅರಿಶಿನ ಕುಂಕುಮ ಕಲಸಿದ ಬಣ್ಣದ ಪುಡಿ ಉದುರ್ತು. "ನಿಧಾನಕ್ಕೆ ಹೋಗಿ, ನಾಲ್ಕು ಸಲ ಮೆಲ್ಲಗೆ ಬ್ರೇಕ್ ಒತ್ತಿ, ತೀರ್ಥಹಳ್ಳಿಯಲ್ಲಿ ನಿಲ್ಸಿ ಗಾಲಿ ಹತ್ರ ಕೈ ಹಿಡೀರಿ. ಒಂದೇ ಕಡೆ ಬಿಸಿ ಹೊಡೀತಿದ್ರೆ ಇನ್ನೂ ಹಿಡ್ಕೊಂಡಿದೆ ಅಂತ" ಅಂದ.

ಅವನ ಲಾರಿಯಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಬ್ರೇಕ್ ಹಿಡಿಯೋದು ಸ್ಪ್ರಿಂಗು, ಬಿಡಿಸೋದು ಗಾಳಿ. ಏರ್ ಸೋರಿದ್ರೆ ಲಾರಿ ನಿಂತಲ್ಲೇ ಗೂಟ. ಇಂಜಿನ್ ಆನ್ ಮಾಡಿ ಗೇಜಿನ ಮುಳ್ಳು ಏರೋ ತನಕ ಕಾಯಬೇಕು. ಏರೇ ಕಟ್ಟದಿದ್ರೆ ಗಾಲಿಗೆ ಕಲ್ಲು ಕೊಟ್ಟು, ಆ ಸ್ಪ್ರಿಂಗ್ ಕೂತಿರೋ ಡಬ್ಬಿ, ಅಂದ್ರೆ ಬೂಸ್ಟರಿನ ಬೋಲ್ಟ್ ತಿರುಗಿಸಿ ಸ್ಪ್ರಿಂಗ್ ಎಳೀಬೇಕು. ಕಾಯೋದು ಅವನಿಗೆ ಅಭ್ಯಾಸ ಆಗಿರೋದು ಅದಕ್ಕೇ ಇರಬೇಕು.

ಭಾವ ಹೋದ್ರು. ಅಂಗಳದ ಎರಡು ಸಾಲಲ್ಲಿ ಈಗ ಮೊಣಕೈ ಆಳ ಅಲ್ಲದಿದ್ರೂ ಗೇಣುದ್ದ ನೀರು ನಿಂತಿದೆ. ತಳ್ಳೋಕೆ ಬಂದ ಆರು ಜನರಲ್ಲಿ ಮಣ್ಣು ತುಂಬೋಕೆ ಒಬ್ಬನೂ ಫೋನ್ ಎತ್ತುತ್ತಿಲ್ಲ.